ದಂಡ ಬೇಡ

ಮಂಡಿಪೇಟೆಯ ನಮ್ಮ ಡ್ರಾಮಾ ಡ್ರೆಸ್ ಅಂಗಡಿಯಲ್ಲಿ
ಅಪ್ಪ ಬರೆದಿಟ್ಟ ಕೆಂಪು ರಟ್ಟಿನ ಪುಸ್ತಕ ಇನ್ನೂ ಇದೆ.
ಪುಟ ನಲವತ್ತೊಂದು:
'ಗಂಗಾರತ್ನಮ್ಮ. ಕಿರೀಟ ಒಂದು, ಚೌರಿ ಎರಡು,
ಜರಿ ಸೀರೆ ಹಸಿರು. ವಾಪಸು ಬಂತು.
ಬೆವರಿನ ಕಲೆ. ದಂಡ ಬೇಡ.'

ಅಪ್ಪ ಬೇರೆ ಯಾರ ಹೆಸರಿನ ಮುಂದೂ
ಹಾಗೆ ಬರೆದವನಲ್ಲ.

ಟ್ರಂಕು ಹೊರುವವನು ನಾನು, ಹನ್ನೊಂದರ ಹುಡುಗ.
ಸೋಮವಾರ ಹೆಬ್ಬೂರಲ್ಲಿ ಆಕೆ ದ್ರೌಪದಿ,
ಮಂಗಳವಾರ ತೋವಿನಕೆರೆಯಲ್ಲಿ ರುಕ್ಮಿಣಿ,
ಬುಧವಾರ ಕೋಳಾಲದಲ್ಲಿ ಮತ್ತೆ ದ್ರೌಪದಿ.
ಊರೂರಿಗೂ ಹೊಸ ಭೀಮ, ಹೊಸ ದುಶ್ಶಾಸನ:
ಸೊಸೈಟಿ ಗುಮಾಸ್ತ, ಲೈನ್‌ಮನ್, ಹಾಲಿನ ಡೇರಿಯವನು,
ಮೂರು ತಿಂಗಳು ರಾತ್ರಿ ನಿದ್ದೆಗೆಟ್ಟು
ಹಾರ್ಮೋನಿಯಂ ಮಾಸ್ತರ ಹತ್ತಿರ ಬೈಸಿಕೊಂಡವರು.
ಸೆರಗಿಗೆ ಕೈ ಹಾಕುವ ಮುನ್ನ ದುಶ್ಶಾಸನ
ಪಿಸುಗುಡುತ್ತಿದ್ದ: 'ಪಿನ್ನು ಎಲ್ಲಿ ಚುಚ್ಚಿದ್ದೀಯಕ್ಕ?'
'ಎಡಗಡೆ ಕಣಪ್ಪ, ಮೆತ್ತಗೆ.'
ಅದೇ ಉಸಿರಲ್ಲಿ 'ಕೃಷ್ಣಾ' ಎಂದು ಕೂಗಿದರೆ
ಹುಣಸೆಮರದ ಕಾಗೆಗಳು
ಬೆಳಗಾಯಿತೆಂದು ಎದ್ದುಬಿಡುತ್ತಿದ್ದವು.

ಊರ್ಡಿಗೆರೆಯಲ್ಲಿ ಕರೆಂಟು ಹೋಯಿತು.
ಗದೆ ಎತ್ತಿದ ದುರ್ಯೋಧನನಿಗೆ ಮಾತು ಮರೆತಿತ್ತು.
ಕತ್ತಲಲ್ಲಿ, ಬೆನ್ನು ತಿರುಗಿಸಿ ನಿಂತು,
ಅವನ ಗಂಟಲಲ್ಲಿ ಅವನ ಮಾತು
ಆಕೆಯೇ ಆಡಿದಳು, ಗೊಗ್ಗರು ಗುಡುಗು ಸಮೇತ.
ಪೆಟ್ರೊಮ್ಯಾಕ್ಸು ಬಂದಾಗ ಶಿಳ್ಳೆಯೋ ಶಿಳ್ಳೆ.
ಐದು ರೂಪಾಯಿ ನೋಟಿನ ಹಾರ
ಬಿತ್ತು, ದುರ್ಯೋಧನನ ಕೊರಳಿಗೆ.
ಆಕೆ ಪರದೆ ಹಿಂದೆ ಕೂತು
ಕಾಲಿನ ಮುಳ್ಳು ತೆಗೆಸಿಕೊಳ್ಳುತ್ತಿದ್ದಳು, ನನ್ನ ಕೈಲಿ.

ಸಿನಿಮಾದವರೂ ಕರೆದರು.
ನರ್ಸು, ಜೈಲಿನ ವಾರ್ಡನ್, ಬಸುರಿಯ ಪಕ್ಕದ ಮನೆಯವಳು,
ಹೆಣದ ಸುತ್ತ ಅಳುವವರಲ್ಲಿ ಮೂರನೆಯವಳು.
ಆಮೇಲೆ ಕತ್ತಲ ಕೋಣೆ.
ಮುಂಬಯಿಯಿಂದ ಬಂದ ನಾಯಕಿಯರ ತುಟಿಗೆ
ಕನ್ನಡ ಹಚ್ಚುವ ಕೆಲಸ.
ಮೈಕಿಗೆ ಕೇಳಿಸುತ್ತದೆಂದು ಬಳೆ ಕಳಚಿ
ಕರ್ಚೀಫಿನಲ್ಲಿ ಗಂಟು ಕಟ್ಟಿ,
ಬಾಯಲ್ಲಿ ಒಂದು ಚೂರು ಅತಿಮಧುರ ಇಟ್ಟು,
ಹದಿನೆಂಟರ ಹುಡುಗಿಯಾಗಿ ಮುನಿಸಿಕೊಂಡಳು.
ಆಗ ಆಕೆಗೆ ನಲವತ್ತಾರು,
ಒಂದು ಮೊಣಕಾಲಿಗೆ ಹರಳೆಣ್ಣೆ ಪಟ್ಟಿ.

ಒಂದು ಸಲ ಅಪ್ಪನನ್ನೂ ನನ್ನನ್ನೂ
ಅಶೋಕ ರಸ್ತೆಯ ಟಾಕೀಸಿಗೆ ಮ್ಯಾಟಿನಿಗೆ ಕರೆದೊಯ್ದಳು,
ಟಿಕೆಟು ತಾನೇ ಕೊಂಡು.
ಪರದೆಯ ಮೇಲೆ ಆಕೆ ಸೊಪ್ಪು ಮಾರುವವಳು.
ನಾಯಕಿ ಬಂದು 'ದಂಟಿನ ಸೊಪ್ಪು ಹೆಂಗೆ?' ಎಂದಳು
ಗಂಗಾರತ್ನಮ್ಮನ ದನಿಯಲ್ಲಿ.
ಗಂಗಾರತ್ನಮ್ಮನ ಬಾಯಿ ತೆರೆಯಿತು.
ಬಂದದ್ದು ಯಾರದೋ ದನಿ,
ನೀರು ಬೆರೆಸಿದ ಮಜ್ಜಿಗೆಯಂಥದು.

ನಾನು ತಿರುಗಿ ನೋಡಿದೆ.
ಕಡಲೆಕಾಯಿ ಸುಲಿಯುವ ಬೆರಳು ನಿಂತಿರಲಿಲ್ಲ.
'ಒಂದೇ ಸೀನಲ್ಲಿ ಒಂದೇ ಗಂಟಲು
ಇಬ್ಬರಿಗಾಗಲ್ವಂತೆ ಕಣೋ.
ಆ ಹುಡುಗಿ ಪರವಾಗಿಲ್ಲ.
ಸೊಪ್ಪು ಅನ್ನೋವಾಗ ಒತ್ತು ಸಾಲದು.'
ಅಪ್ಪ ಮಾತ್ರ ಇಂಟರ್ವೆಲ್‌ಗೆ ಎದ್ದುಹೋದವನು
ಸಿನಿಮಾ ಮುಗಿಯುವತನಕ ಒಳಗೆ ಬರಲಿಲ್ಲ.
ಸೈಕಲ್ ಸ್ಟ್ಯಾಂಡಿನಲ್ಲಿ ನಿಂತಿದ್ದ.

ಕೊರಟಗೆರೆ ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾದಾಗ
ಕಂಡಕ್ಟರ್ ಕಣ್ಣರಳಿಸಿದ:
'ಥೇಟ್ ಆ ಹೀರೋಯಿನ್ ಥರಾನೇ ಮಾತಾಡ್ತೀರಲ್ಲಮ್ಮ!'
'ಎಲ್ಲಾರೂ ಹಂಗೇ ಅಂತಾರಪ್ಪ,
ಎಂಟಾಣೆ ಕೊಡು ಮೊದಲು.'

ಅಪ್ಪ ಹೋಗಿ ಹದಿನಾಲ್ಕು ವರ್ಷ.
ಮೊನ್ನೆ ಆಕೆ ಅಂಗಡಿಯ ಮೆಟ್ಟಿಲು ಹತ್ತಿದಳು,
ಎರಡು ಕಡೆ ಕೂತು, ಸುಧಾರಿಸಿಕೊಂಡು.
'ಬೆಳ್ಳಾವಿ ಕಡೆ ಹುಡುಗರು ನಾಟಕ ಕಲ್ತವ್ರೆ.
ದ್ರೌಪದಿಗೆ ಬೇರೆಯವಳು ಬತ್ತಾಳೆ.
ನಾನು ಕುಂತಿ. ಬಿಳೀ ಸೀರೆ ಕೊಡು.
ಕಿವಿಗೆ ಕಟ್ಟೋಕೆ ಮಫ್ಲರೂ ಇದ್ರೆ ಹಾಕು, ಇಬ್ಬನಿ.'

ಪುಸ್ತಕ ತೆರೆದೆ. ಹಳೆಯದನ್ನೇ.
ಬಿಳಿ ಸೀರೆ ಒಂದು, ಚೌರಿ ಒಂದು, ನರೆತದ್ದು.
ಕನ್ನಡಕ ಏರಿಸಿಕೊಂಡು ಆಕೆ
ನನ್ನ ಅಕ್ಷರದ ಮೇಲೆ ಬಗ್ಗಿದಳು.
ಅಪ್ಪನ ಸಾಲಿನ ಮೇಲೆ ಒಂದು ಗಳಿಗೆ ಬೆರಳಿಟ್ಟು,
'ಈ ಸಲ ದಂಡ ಬರ್ಕೊಳೋ,' ಎಂದಳು,
'ಎಲೆ ಅಡಿಕೆ ಹಾಕ್ತೀನಿ,
ಕಲೆ ಆಗೇ ಆಗ್ತದೆ.'